ಫೋಟೋಗಳನ್ನು ಊರು, ಜಾಗದ ಪ್ರಕಾರ ಜೋಡಿಸಿಡುವುದು ಹೇಗೆ: ಮೊಬೈಲಿನಿಂದ ಹಳೇ ಆಲ್ಬಮ್‌ವರೆಗೆ

ಕಳೆದ ವರ್ಷ ಅಮ್ಮ ಒಂದು ಫೋಟೋ ಕೇಳಿದರು. "ಕಟಪಾಡಿ ಮನೆಯ ಬಾವಿಕಟ್ಟೆಯಲ್ಲಿ ನಾವೆಲ್ಲ ಕೂತದ್ದು ಉಂಟಲ್ಲ, ಅದು ಬೇಕಿತ್ತು." ಆ ಫೋಟೋ ನನ್ನ ಹತ್ತಿರ ಇತ್ತು. ಆದರೆ ಕಂಪ್ಯೂಟರಿನಲ್ಲಿದ್ದ 14,000 ಫೋಟೋಗಳೂ ತಾರೀಕಿನ ಪ್ರಕಾರ ಕೂತಿದ್ದವು. ಯಾವ ವರ್ಷ ಅಂತ ಅಮ್ಮನಿಗೂ ನೆನಪಿಲ್ಲ, ನನಗೂ ಇಲ್ಲ. ಹುಡುಕಲು ಎರಡು ಸಂಜೆ ಹಿಡಿಯಿತು.

ನಮ್ಮ ಮನೆಯಲ್ಲಿ ಯಾರೂ "2009ರ ಮೇ ತಿಂಗಳ ಫೋಟೋ ಕೊಡು" ಅಂತ ಕೇಳಿದ್ದಿಲ್ಲ. ಮಲ್ಪೆಯದ್ದು, ಅತ್ತೆ ಮನೆಯದ್ದು, ಕಾಪು ಲೈಟ್‌ಹೌಸಿನದ್ದು ಅಂತಲೇ ಕೇಳುತ್ತಾರೆ. ಫೋನಿಗೆ ತಾರೀಕು ಮುಖ್ಯ, ನಮಗೆ ಜಾಗ ಮುಖ್ಯ. ಹಾಗಾಗಿ ಆ ಎರಡು ಸಂಜೆಯ ನಂತರ ಎಲ್ಲ ಫೋಟೋಗಳನ್ನೂ ಜಾಗದ ಪ್ರಕಾರ ಜೋಡಿಸಲು ಕೂತೆ. ಎಂಟು ತಿಂಗಳು ಬೇಕಾಯಿತು, ದಿನಾ ಅಲ್ಲ, ಬಿಡುವಿದ್ದಾಗ. ಮಾಡುತ್ತಾ ಕಲಿತದ್ದನ್ನು ನಾನು ಮಾಡಬೇಕಿದ್ದ ಕ್ರಮದಲ್ಲೇ ಬರೆಯುತ್ತೇನೆ.

ಹೆಜ್ಜೆ 1: ಮೊದಲು ಹೆಸರುಗಳನ್ನು ತೀರ್ಮಾನ ಮಾಡಿ

ಯಾವ ಆ್ಯಪ್ ಹಾಕಬೇಕು ಅನ್ನುವುದರಿಂದ ಶುರು ಮಾಡಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಮನೆಯವರ ಬಾಯಲ್ಲಿ ಬರುವ ಜಾಗಗಳ ಹೆಸರು ಬರೆಯಿರಿ.

ಇದಕ್ಕೆ ಕಾರಣ ಇದೆ. ಫೋಟೋ ತೆಗೆದಾಗ ಫೋನು ಫೈಲಿನ ಒಳಗೆ ಬರೆಯುವುದು ಎರಡು ಅಂಕೆ, ಅಕ್ಷಾಂಶ ಮತ್ತು ರೇಖಾಂಶ. ಉಡುಪಿ ರಥಬೀದಿಯಲ್ಲಿ ನಿಂತು ತೆಗೆದರೆ ಸುಮಾರು 13.341, 74.752 ಅಂತ ಬೀಳುತ್ತದೆ. ಆ ಅಂಕೆಗೆ ಹೆಸರು ಹಚ್ಚುವುದು ಮ್ಯಾಪ್. ಮ್ಯಾಪಿಗೆ ಹತ್ತಿರದ ಹೋಟೆಲ್ ಗೊತ್ತು, ಬಸ್‌ಸ್ಟ್ಯಾಂಡ್ ಗೊತ್ತು. ನಿಮ್ಮ ದೊಡ್ಡಮ್ಮನ ಮನೆಯ ಚಾವಡಿ, ಗದ್ದೆ ಬದಿಯ ನಾಗಬನ, ಅಜ್ಜ ದೋಣಿ ಕಟ್ಟುತ್ತಿದ್ದ ಜಾಗ ಗೊತ್ತಿಲ್ಲ. ಅವುಗಳ ಹೆಸರು ನೀವೇ ಕೊಡಬೇಕು.

ನಾನು ಎರಡೇ ಮೆಟ್ಟಿಲು ಇಟ್ಟುಕೊಂಡೆ. ಮೊದಲು ಊರು, ಅದರ ಒಳಗೆ ಜಾಗ. "ಕಟಪಾಡಿ, ಅಜ್ಜಿ ಮನೆ ಬಾವಿಕಟ್ಟೆ." "ಮಲ್ಪೆ, ಬಂದರು." "ಮಂಗಳೂರು, ಕದ್ರಿ ದೇವಸ್ಥಾನ." ತಾಲೂಕು, ಜಿಲ್ಲೆ ಸೇರಿಸಲಿಲ್ಲ. ಶುರುವಿನಲ್ಲಿ ಸೇರಿಸಿದ್ದೆ, ಆಮೇಲೆ ಕಿತ್ತು ಹಾಕಿದೆ. ಯಾಕೆಂದರೆ ನಮ್ಮ ಕಡೆ ಅವು ನಿಂತ ಕಡೆ ನಿಲ್ಲುವುದಿಲ್ಲ. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾಯಿತು. ಆಮೇಲೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಹೊಸ ತಾಲೂಕುಗಳಾದವು. ಬ್ರಹ್ಮಾವರದ ದೊಡ್ಡಪ್ಪನ ಮನೆ ಒಂದಿಂಚೂ ಅಲುಗಿಲ್ಲ. ಆದರೂ ಅದು ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ ತಾಲೂಕು, ಆಮೇಲೆ ಉಡುಪಿ ಜಿಲ್ಲೆಯ ಉಡುಪಿ ತಾಲೂಕು, ಈಗ ಬ್ರಹ್ಮಾವರ ತಾಲೂಕು. ಕಾಸರಗೋಡಿನ ನೆಂಟರ ಮನೆಯ ಫೋಟೋ 1956ಕ್ಕಿಂತ ಹಿಂದಿನದಾದರೆ ರಾಜ್ಯವೇ ಬೇರೆ. ಊರಿನ ಹೆಸರು ಇಷ್ಟು ಬೇಗ ಬದಲಾಗುವುದಿಲ್ಲ. ಅದನ್ನೇ ಹಿಡಿದುಕೊಳ್ಳಿ.

ಒಂದೇ ಊರಿಗೆ ನಾಲ್ಕು ಹೆಸರಿರುವುದು ನಮ್ಮಲ್ಲಿ ಮಾಮೂಲು. ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಮೂಡುಬಿದಿರೆಗೆ ಬೆದ್ರ, ಕಾರ್ಕಳಕ್ಕೆ ಕಾರ್ಲ. ಬರೆಯುವ ರೀತಿಯೂ ಹಲವು: ಮೂಡಬಿದ್ರೆ, ಮೂಡಬಿದರೆ, ಮೂಡುಬಿದಿರೆ. ಇಂಗ್ಲಿಷಿನಲ್ಲಿ ಮಂಗಳೂರಿನ ಅಧಿಕೃತ ಹೆಸರು 2014ರ ನವೆಂಬರ್ 1ರಂದು ಬದಲಾಯಿತು, ಹಾಗಾಗಿ ಹಳೇ ಫೈಲುಗಳಲ್ಲಿ ಒಂದು ಸ್ಪೆಲ್ಲಿಂಗ್, ಹೊಸದರಲ್ಲಿ ಇನ್ನೊಂದು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರುಗಳೇ. ಒಂದನ್ನು ಆರಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಕೊನೆಯವರೆಗೂ ಅದನ್ನೇ ಬಳಸಿ. ಉಳಿದ ಹೆಸರುಗಳನ್ನು ವಿವರಣೆಯಲ್ಲಿ ಹಾಕಬಹುದು. ನನ್ನ ಅತ್ತೆ ಹುಡುಕುವುದು ಬೆದ್ರ ಅಂತಲೇ, ಅವರಿಗೂ ಸಿಗಬೇಕಲ್ವಾ?

ಊರಿನ ಹೆಸರನ್ನು ಕತ್ತರಿಸಬೇಡಿ. ಬರೀ "ನಿಡಿಯೂರು" ಅಂತ ಬರೆದರೆ ತೆಂಕನಿಡಿಯೂರೋ ಬಡಾನಿಡಿಯೂರೋ ಗೊತ್ತಾಗುವುದಿಲ್ಲ. ತೆಂಕು, ಬಡಗು, ಮೂಡು, ಪಡು ಇವು ಸುಮ್ನೆ ಸೇರಿಕೊಂಡ ಅಕ್ಷರಗಳಲ್ಲ, ದಿಕ್ಕು ಹೇಳುತ್ತವೆ.

ಎಲ್ಲ ಕಡೆಯೂ ಇಷ್ಟು ಸೂಕ್ಷ್ಮವಾಗಿ ಹೋಗಬೇಕಿಲ್ಲ. ಒಂದು ದಿನದ ಮೈಸೂರು ಪ್ರವಾಸಕ್ಕೆ "ಮೈಸೂರು" ಸಾಕು. ನಿಮ್ಮ ಬದುಕು ನಡೆದ ನಾಲ್ಕೈದು ಮನೆಗಳಿಗೆ ಮಾತ್ರ ಅಂಗಳ, ಜಗಲಿ, ತೋಟ ಅಂತ ಇಳಿಯಿರಿ.

ಇನ್ನೊಂದು ವಿಷಯ. ಜಾಗ ಬೇರೆ, ಕಾರ್ಯಕ್ರಮ ಬೇರೆ. ಕಂಬಳದ ಫೋಟೋ ಐಕಳದ್ದೂ ಇರುತ್ತದೆ, ಮಿಯ್ಯಾರಿನದ್ದೂ ಇರುತ್ತದೆ. ಯಕ್ಷಗಾನ ಮೇಳವಂತೂ ದಿನಕ್ಕೊಂದು ಊರು. "ಕಂಬಳ" ಅನ್ನುವುದನ್ನು ಜಾಗದ ಪಟ್ಟಿಗೆ ಸೇರಿಸದೆ ಬೇರೆ ಗುರುತಾಗಿ ಇಡಿ. ಆಗ ಐಕಳದ ಎಲ್ಲ ಫೋಟೋ ಬೇಕೆಂದರೂ ಸಿಗುತ್ತದೆ, ಎಲ್ಲ ಕಂಬಳದ ಫೋಟೋ ಬೇಕೆಂದರೂ ಸಿಗುತ್ತದೆ.

ಹೆಜ್ಜೆ 2: ಎಲ್ಲವನ್ನೂ ಒಂದೇ ಕಡೆ ತನ್ನಿ

ಹಳೇ ಫೋನ್‌ಗಳು, ಮೆಮೊರಿ ಕಾರ್ಡುಗಳು, ಪೆನ್‌ಡ್ರೈವ್, ತಮ್ಮನ ಲ್ಯಾಪ್‌ಟಾಪ್, ಮದುವೆಯ ಸಿಡಿಗಳು. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಕಟ್ ಮಾಡಿ ಅಂಟಿಸಬೇಡಿ, ಕಾಪಿ ಮಾತ್ರ. ಆ ಡಿಸ್ಕಿನ ಇನ್ನೊಂದು ಪ್ರತಿ ಮಾಡಿ ಕಪಾಟಿನಲ್ಲಿಡಿ. ಮುಂದೆ ಮಾಡುವ ಕೆಲಸವೆಲ್ಲ ಒಂದರ ಮೇಲೆ ಮಾತ್ರ. ನನ್ನ ಒಂದು ಡಿಸ್ಕ್ ಮಳೆಗಾಲದಲ್ಲಿ ಕೈಕೊಟ್ಟಿತು, ಎರಡನೇ ಪ್ರತಿ ಇದ್ದದ್ದರಿಂದ ಒಂದು ಫೋಟೋವೂ ಹೋಗಲಿಲ್ಲ.

ಫೋಲ್ಡರುಗಳನ್ನು ಊರಿನ ಹೆಸರಿನಲ್ಲಿ ಮಾಡಬೇಕು ಅಂತ ಅನಿಸುತ್ತದೆ. ನಾನೂ ಹಾಗೇ ಶುರು ಮಾಡಿದೆ, ಬೇಗ ಸಿಕ್ಕಿಹಾಕಿಕೊಂಡೆ. ಒಂದು ಫೋಟೋ ಒಂದೇ ಫೋಲ್ಡರಿನಲ್ಲಿ ಇರಬಲ್ಲದು. ಟ್ಯಾಗ್, ಅಂದರೆ ಫೋಟೋಗೆ ಹಚ್ಚುವ ಹೆಸರಿನ ಚೀಟಿ, ಹಾಗಲ್ಲ, ಒಂದೇ ಫೋಟೋಗೆ ಎಷ್ಟು ಬೇಕಾದರೂ ಹಾಕಬಹುದು. ಹಾಗಾಗಿ ಫೋಲ್ಡರ್ ವರ್ಷ, ತಿಂಗಳಿನ ಪ್ರಕಾರವೇ ಇರಲಿ. ಜಾಗ ಟ್ಯಾಗಿನಲ್ಲಿ ಬರಲಿ.

ಹೆಜ್ಜೆ 3: ಮೂರು ರಾಶಿ ಮಾಡಿ

ಫೋಟೋದ ಜೊತೆ ಅಂಟಿಕೊಂಡು ಬರುವ ಮಾಹಿತಿಗೆ ಎಕ್ಸಿಫ್ ಅನ್ನುತ್ತಾರೆ. ತೆಗೆದ ಸಮಯ, ಕ್ಯಾಮೆರಾದ ಹೆಸರು, ಜಾಗದ ಅಂಕೆ ಎಲ್ಲ ಅದರಲ್ಲಿ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಒಂದು ಚಿತ್ರ ತೆರೆದು ಮೇಲಕ್ಕೆ ಸರಿಸಿದರೆ ಜಾಗ ಇದ್ದರೆ ಪುಟ್ಟ ಮ್ಯಾಪ್ ಕಾಣುತ್ತದೆ. ಐಫೋನಿನಲ್ಲಿ ಚಿತ್ರದ ಕೆಳಗಿನ ಐ ಗುರುತು ಒತ್ತಿ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ನೋಡಿ, ಜಿಪಿಎಸ್ ಅನ್ನುವ ಭಾಗ ಇರುತ್ತದೆ.

ಸಾವಿರಗಟ್ಟಲೆ ಇದ್ದರೆ ಒಂದೊಂದೇ ನೋಡುವುದು ಆಗದ ಮಾತು. ನಾನು ಬಳಸುವುದು ಡಿಜಿಕ್ಯಾಮ್ ಅನ್ನುವ ತಂತ್ರಾಂಶ. ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದು ಎಲ್ಲ ಫೋಟೋಗಳನ್ನೂ ಮ್ಯಾಪಿನ ಮೇಲೆ ಹರಡಿ ತೋರಿಸುತ್ತದೆ. ಅದರಲ್ಲಿ ನೋಡಿ ಫೋಟೋಗಳನ್ನು ಮೂರಾಗಿ ವಿಂಗಡಿಸಿ: ಜಾಗ ಇರುವುದು, ತಾರೀಕು ಮಾತ್ರ ಇರುವುದು, ಎರಡೂ ಇಲ್ಲದ್ದು.

ಹೆಜ್ಜೆ 4: ಜಾಗ ಇರುವ ರಾಶಿಯನ್ನೂ ಒಮ್ಮೆ ನೋಡಿ

ಜಾಗ ಇದೆ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನ ಒಳಗೆ ಹೇಳುತ್ತದೆ. ದೇವಸ್ಥಾನದ ಒಳಗೆ, ದೊಡ್ಡ ಕಟ್ಟಡಗಳ ನಡುವೆ, ಆಗುಂಬೆಯಂಥ ದಟ್ಟ ಕಾಡಿನಲ್ಲಿ ದೂರ ಹೋಗುತ್ತದೆ. ರೈಲಿನಿಂದ ಇಳಿದ ಕೂಡಲೇ ತೆಗೆದ ಮೊದಲ ಫೋಟೋಗೆ ಹಿಂದಿನ ಸ್ಟೇಷನ್ನಿನ ಜಾಗ ಬಿದ್ದಿರುವುದೂ ಉಂಟು, ಯಾಕೆಂದರೆ ಫೋನಿಗೆ ಹೊಸ ಜಾಗ ಹಿಡಿಯಲು ಸ್ವಲ್ಪ ಹೊತ್ತು ಬೇಕು.

ಮ್ಯಾಪಿನಲ್ಲಿ ಎರಡು ಕಡೆ ಮುಖ್ಯವಾಗಿ ನೋಡಿ. ಒಂದು, ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದ ನಡುವೆ. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ ಇರುವ ಜಾಗ ಅದು. ಜಿಪಿಎಸ್ ಸಿಗದಿದ್ದಾಗ ಕೆಲವು ಕ್ಯಾಮೆರಾಗಳು ಸೊನ್ನೆ ಬರೆದುಬಿಡುತ್ತವೆ. ಎರಡು, ನಾರ್ವೆಯ ಉತ್ತರದ ಸಮುದ್ರ. ಉಡುಪಿಯ ಅಂಕೆಗಳನ್ನು ಹಿಂದೆಮುಂದೆ ಬರೆದರೆ, ಅಂದರೆ 74 ಮೊದಲು 13 ಆಮೇಲೆ ಹಾಕಿದರೆ, ಫೋಟೋ ಅಲ್ಲಿಗೆ ಹೋಗಿ ಬೀಳುತ್ತದೆ. ನಮ್ಮ ಉಡುಪಿ, ಮಂಗಳೂರು ಕಡೆಗೆ ಯಾವಾಗಲೂ 12 ಅಥವಾ 13 ಮೊದಲು, 74 ಅಥವಾ 75 ಆಮೇಲೆ.

ಹೆಜ್ಜೆ 5: ತಾರೀಕು ಇದೆ, ಜಾಗ ಇಲ್ಲ

ಇದು ದೊಡ್ಡ ರಾಶಿ. ಡಿಜಿಟಲ್ ಕ್ಯಾಮೆರಾದ ಫೋಟೋಗಳು ಮತ್ತು ವಾಟ್ಸ್ಯಾಪಿನಲ್ಲಿ ಬಂದವು ಇದರಲ್ಲಿ ಜಾಸ್ತಿ.

ಕ್ಯಾಮೆರಾ ಫೋಟೋಗಳಿಗೆ ಸುಲಭದ ದಾರಿ ಫೋನು. ಅದೇ ದಿನ ಅದೇ ಹೊತ್ತಿಗೆ ಯಾರೋ ಒಬ್ಬರು ಫೋನಿನಲ್ಲಿ ತೆಗೆದಿರುತ್ತಾರೆ. ಡಿಜಿಕ್ಯಾಮ್‌ನಲ್ಲಿ ಆ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಆರಿಸಿ, ಐಟಂ ಮೆನುವಿನಲ್ಲಿ ಎಡಿಟ್ ಜಿಯೋಲೊಕೇಶನ್ ಒತ್ತಿ. ಫೋನಿನ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಅಂಕೆಗಳನ್ನು ಕಾಪಿ ಮಾಡಿ, ಕ್ಯಾಮೆರಾ ಫೋಟೋಗಳಿಗೆ ಪೇಸ್ಟ್ ಮಾಡಿ. ಅಪ್ಲೈ ಒತ್ತಲು ಮರೆಯಬೇಡಿ. ಸೇಂಟ್ ಮೇರೀಸ್ ದ್ವೀಪದ 60 ಫೋಟೋಗಳಿಗೆ ನಾನು ಹೀಗೆ ಮಾಡಿದೆ, ಐದು ನಿಮಿಷ ಹಿಡಿಯಲಿಲ್ಲ.

ತುಂಬ ತಿರುಗಾಟದ ದಿನವಾದರೆ ಇನ್ನೊಂದು ಉಪಾಯ ಇದೆ. ಓಸ್ಮ್‌ಆ್ಯಂಡ್ ಥರದ ಮ್ಯಾಪ್ ಆ್ಯಪಿನಲ್ಲಿ ನೀವು ಹೋದ ದಾರಿಯನ್ನು ದಾಖಲಿಸಬಹುದು. ಅದು ಜಿಪಿಎಕ್ಸ್ ಅನ್ನುವ ಫೈಲ್ ಕೊಡುತ್ತದೆ. ಎಷ್ಟು ಗಂಟೆಗೆ ಎಲ್ಲಿದ್ದಿರಿ ಅನ್ನುವುದೇ ಅದರಲ್ಲಿರುವುದು. ಡಿಜಿಕ್ಯಾಮ್‌ನ ಅದೇ ಎಡಿಟ್ ಜಿಯೋಲೊಕೇಶನ್‌ನಲ್ಲಿರುವ ಜಿಪಿಎಸ್ ಕೋರಿಲೇಟರ್ ಭಾಗಕ್ಕೆ ಆ ಫೈಲ್ ಕೊಟ್ಟರೆ ಫೋಟೋದ ಸಮಯವನ್ನೂ ದಾರಿಯ ಸಮಯವನ್ನೂ ಹೊಂದಿಸಿ ಜಾಗ ತುಂಬುತ್ತದೆ.

ಇಲ್ಲಿ ಕೈಕೊಡುವುದು ಗಡಿಯಾರ. ಕ್ಯಾಮೆರಾದ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಮಣಿಪಾಲದ ಫೋಟೋ ಉಡುಪಿಗೆ ಬೀಳುತ್ತದೆ. ಅದಕ್ಕೆ ಹೊರಡುವ ಮೊದಲು ಫೋನಿನಲ್ಲಿ ಗಡಿಯಾರ ತೆರೆದು, ಅದರ ಒಂದು ಫೋಟೋವನ್ನು ಕ್ಯಾಮೆರಾದಿಂದ ತೆಗೆದಿಡಿ. ಫೋಟೋದಲ್ಲಿ ಕಾಣುವ ಸಮಯಕ್ಕೂ ಫೈಲಿನೊಳಗಿನ ಸಮಯಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಅಷ್ಟನ್ನು ಸರಿಪಡಿಸಿದರಾಯಿತು. ಗಲ್ಫಿನಲ್ಲಿರುವ ಅಣ್ಣನೋ ಭಾವನೋ ರಜೆಗೆ ಬಂದಾಗ ಕ್ಯಾಮೆರಾ ತಂದರೆ ಇದು ಇನ್ನೂ ಮುಖ್ಯ. ದುಬೈ, ಮಸ್ಕತ್ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ ಹಿಂದೆ. ಗಡಿಯಾರ ಬದಲಾಯಿಸದೆ ತೆಗೆದರೆ ಮಧ್ಯಾಹ್ನದ ಮದುವೆ ಊಟ ಬೆಳಿಗ್ಗೆಯ ಫೋಟೋಗಳ ನಡುವೆ ಹೋಗಿ ಕೂರುತ್ತದೆ.

ವಾಟ್ಸ್ಯಾಪಿನ ಕಥೆ ಬೇರೆ. ಮಾಮೂಲಿನಂತೆ ಫೋಟೋ ಕಳಿಸಿದರೆ ವಾಟ್ಸ್ಯಾಪ್ ಜಾಗದ ಅಂಕೆ, ತೆಗೆದ ಸಮಯ ಎಲ್ಲ ತೆಗೆದುಹಾಕುತ್ತದೆ, ಚಿತ್ರವನ್ನೂ ಸಣ್ಣದು ಮಾಡುತ್ತದೆ. ಫೈಲಿನ ಹೆಸರಿನಲ್ಲಿ ಒಂದು ತಾರೀಕು ಇರುತ್ತದೆ ನಿಜ. ಅದು ವಾಟ್ಸ್ಯಾಪಿನಲ್ಲಿ ಬಂದ ತಾರೀಕು, ಫೋಟೋ ತೆಗೆದ ತಾರೀಕಲ್ಲ. ಮುಖ್ಯವಾದ ಫೋಟೋಗಳಿದ್ದರೆ ತೆಗೆದವರಿಗೇ ಫೋನ್ ಮಾಡಿ ಕೇಳಿ: "ಅಕ್ಕಾ, ಆ ಗೃಹಪ್ರವೇಶದ ಫೋಟೋ ಡಾಕ್ಯುಮೆಂಟ್ ಥರ ಕಳಿಸ್ತೀರಾ?" ಡಾಕ್ಯುಮೆಂಟ್ ಆಗಿ ಬಂದರೆ ಎಲ್ಲ ಮಾಹಿತಿಯೂ ಹಾಗೇ ಇರುತ್ತದೆ.

ಹೆಜ್ಜೆ 6: ತಾರೀಕೂ ಇಲ್ಲ, ಜಾಗವೂ ಇಲ್ಲ: ಹಳೇ ಆಲ್ಬಮ್

ನನಗೆ ತುಂಬ ಇಷ್ಟವಾದ ಕೆಲಸ ಇದು. ಕಾಯಬಾರದ ಕೆಲಸವೂ ಇದೇ. ಫೋನಿನ ಫೋಟೋಗಳು ಮುಂದಿನ ವರ್ಷವೂ ಹಾಗೇ ಇರುತ್ತವೆ. ಆಲ್ಬಮಿನ ಫೋಟೋ ಎಲ್ಲಿ ತೆಗೆದದ್ದು ಅಂತ ಹೇಳಬಲ್ಲವರು ಮುಂದಿನ ವರ್ಷಕ್ಕೆ ಎಷ್ಟು ಜನ ಇರುತ್ತಾರೋ. ಸಮಯ ಕಡಿಮೆ ಇದ್ದರೆ ಮೇಲಿನ ಹೆಜ್ಜೆಗಳನ್ನೆಲ್ಲ ಬದಿಗಿಟ್ಟು ಇದನ್ನೇ ಮೊದಲು ಮಾಡಿ.

ಆಲ್ಬಮ್ ತೆರೆಯಲು ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಸಮಯ. ನಮ್ಮ ಮಳೆಗಾಲದ ತೇವದಲ್ಲಿ ಫೋಟೋದ ಮೇಲ್ಮೈ ಮೆತ್ತಗಾಗಿ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿರುತ್ತದೆ. ಎಳೆದರೆ ಮುಖವೇ ಕಿತ್ತು ಬರಬಹುದು. ಫ್ರೇಮಿನ ಗಾಜಿಗೆ ಅಂಟಿದ್ದನ್ನಂತೂ ಕೀಳಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಸಾಧಾರಣ ಪ್ರಿಂಟಿಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸಾಕು. ಸ್ಕ್ಯಾನರ್ ಇಲ್ಲದಿದ್ದರೆ ಬಿಸಿಲು ನೇರ ಬೀಳದ ಜಗಲಿಯಲ್ಲಿಟ್ಟು ನೇರ ಮೇಲಿಂದ ಫೋನಿನಲ್ಲಿ ತೆಗೆಯಿರಿ.

ಪ್ರತಿ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಸೀಲು ಇರುತ್ತದೆ, ಅದರಲ್ಲಿ ಊರಿನ ಹೆಸರಿರುತ್ತದೆ. ಅಜ್ಜನ ಕೈಬರಹ ಇರಬಹುದು. ಆದರೆ ಸೀಲಿನ ಊರು ಅಂದರೆ ತೊಳೆಸಿದ ಊರು, ತೆಗೆದ ಊರೇ ಆಗಬೇಕೆಂದಿಲ್ಲ. ನೀವೇ ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ ಒತ್ತು ಮುಂಬದಿಯ ಚಿತ್ರದಲ್ಲಿ ಕಾಣುತ್ತದೆ.

ಆಮೇಲೆ ಹಿರಿಯರ ಜೊತೆ ಕೂರುವುದು. ನಾನು ದೊಡ್ಡಮ್ಮನ ಹತ್ತಿರ ಹೋಗಿ, ಒಂದು ಸಲಕ್ಕೆ 20 ಫೋಟೋಗಿಂತ ಜಾಸ್ತಿ ತೋರಿಸಲಿಲ್ಲ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡೆ, ಅವರನ್ನು ಕೇಳಿಯೇ. ಪ್ರತಿ ಫೋಟೋಗೆ ಒಂದು ನಂಬರ್ ಕೊಟ್ಟು, "ಇದು 12" ಅಂತ ಹೇಳಿ ಅವರಿಗೆ ಕೊಡುತ್ತಿದ್ದೆ. ಆಮೇಲೆ ಕೇಳುವಾಗ ಯಾವ ಮಾತು ಯಾವ ಫೋಟೋದ್ದು ಅಂತ ಗೊಂದಲ ಆಗಲಿಲ್ಲ.

"ಇದು ಎಲ್ಲಿ ದೊಡ್ಡಮ್ಮ?" ಅಂತ ಕೇಳಿದರೆ ಹೆಚ್ಚಾಗಿ "ಗೊತ್ತಿಲ್ಲ ಮಗಾ" ಅನ್ನುತ್ತಿದ್ದರು. "ಅಲ್ಲಿಗೆ ಹೇಗೆ ಹೋದದ್ದು?" ಅಂತ ಕೇಳಿದೆ, ಮಾತು ಹೊರಟಿತು. ಯಾವ ಬಸ್ಸು, ಎಲ್ಲಿ ಇಳಿದದ್ದು, ದೋಣಿಯಲ್ಲಿ ದಾಟಿದ್ದು, ಯಾರ ಮನೆಯಲ್ಲಿ ಬಾಯಾರಿಕೆ ಕುಡಿದದ್ದು. ಆ ದಾರಿಯ ಕೊನೆಯಲ್ಲಿ ಜಾಗ ತಾನಾಗಿ ಬರುತ್ತಿತ್ತು. ಹಿರಿಯರನ್ನು ಜಾಗ ಕೇಳಬೇಡಿ, ದಾರಿ ಕೇಳಿ.

ಕೇಳಲು ಯಾರೂ ಇಲ್ಲದಿದ್ದರೆ ಚಿತ್ರವೇ ಸುಳಿವು ಕೊಡುತ್ತದೆ. ಗೊಮ್ಮಟನ ಮುಂದೆ ನಿಂತ ಒಂದು ಕಪ್ಪುಬಿಳುಪು ಫೋಟೋ ನಮ್ಮಲ್ಲಿತ್ತು. ನಮ್ಮ ಸುತ್ತ ಮೂರು ದೊಡ್ಡ ಗೊಮ್ಮಟಗಳಿವೆ. ಕಾರ್ಕಳದ್ದು 1432ರದ್ದು, 42 ಅಡಿ. ವೇಣೂರಿನದ್ದು 1604ರದ್ದು, 35 ಅಡಿ. ಧರ್ಮಸ್ಥಳದ್ದು 39 ಅಡಿ, ಪ್ರತಿಷ್ಠೆ ಆದದ್ದು 1982ರಲ್ಲಿ. ಅಪ್ಪ ಚಿಕ್ಕ ಹುಡುಗನಾಗಿದ್ದ ಫೋಟೋ ಅದು, ಹಾಗಾಗಿ ಧರ್ಮಸ್ಥಳ ಆಗುವ ಹಾಗೇ ಇಲ್ಲ. ಹಿಂದೆ ಬೋಳು ಬಂಡೆಯ ಇಳಿಜಾರು, ಅದರಾಚೆ ತೆರೆದ ಆಕಾಶ ಕಾಣುತ್ತಿತ್ತು. ಕಾರ್ಕಳದ ಗೊಮ್ಮಟ ಬಂಡೆಯ ಗುಡ್ಡದ ಮೇಲಿದೆ, ವೇಣೂರಿನದ್ದು ಫಲ್ಗುಣಿ ಹೊಳೆಯ ದಡದ ಊರಿನಲ್ಲಿ. ಅಲ್ಲಿಗೆ ತೀರ್ಮಾನವಾಯಿತು.

ಲೈಟ್‌ಹೌಸಿಗೂ ಇದೇ ಥರ ನೋಡಬಹುದು. ಕಾಪುವಿನ ಲೈಟ್‌ಹೌಸ್ 1901ರದ್ದು, ಕಡಲ ಬದಿಯ ಬಂಡೆಯ ಮೇಲೇ ನಿಂತಿದೆ. ಸುರತ್ಕಲ್ಲಿನದ್ದು ಗುಡ್ಡದ ಮೇಲೆ. ಬೀಚಿನ ಫೋಟೋದಲ್ಲಿ ದೂರಕ್ಕೆ ದೊಡ್ಡ ಹಡಗುಗಳು ಕಾದು ನಿಂತಿದ್ದರೆ ಮೊದಲು ಪಣಂಬೂರನ್ನು ನೆನೆಯಿರಿ, ಪಕ್ಕದಲ್ಲೇ ನವಮಂಗಳೂರು ಬಂದರು. ಕಂಬಗಳನ್ನು ಜೋಡಿಸಿಟ್ಟ ಹಾಗಿರುವ ಕಪ್ಪು ಬಂಡೆಗಳಿದ್ದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ.

ಜಾಗ ಗೊತ್ತಾದರೆ ವರ್ಷವೂ ಸಿಗಬಹುದು. ಗಲ್ಫಿಗೆ ಹೊರಟ ಮಾವನನ್ನು ಬೀಳ್ಕೊಡುವ ಫೋಟೋದಲ್ಲಿ ಬಜ್ಪೆ ವಿಮಾನ ನಿಲ್ದಾಣದ ಹಳೇ ಕಟ್ಟಡ ಇದ್ದರೆ 2010ಕ್ಕಿಂತ ಹಿಂದಿನದು ಅಂತ ಬಹುತೇಕ ಹೇಳಬಹುದು, ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು ಆ ವರ್ಷದ ಮೇ ತಿಂಗಳಲ್ಲಿ. ಉಡುಪಿಯ ಪರ್ಯಾಯದ ಫೋಟೋ ಇನ್ನೂ ಸುಲಭ. ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ಪೀಠ ಏರುವ ಸ್ವಾಮೀಜಿ ಯಾವ ಮಠದವರು ಅಂತ ಗುರುತಾದರೆ ವರ್ಷ ಗೊತ್ತಾದ ಹಾಗೆ: 2016 ಪೇಜಾವರ, 2018 ಪಲಿಮಾರು, 2020 ಅದಮಾರು, 2022 ಕೃಷ್ಣಾಪುರ, 2024 ಪುತ್ತಿಗೆ, 2026 ಶೀರೂರು. ಎಂಟು ಮಠಗಳ ಸರದಿ, ಹದಿನಾರು ವರ್ಷಕ್ಕೆ ಒಂದು ಸುತ್ತು. ಹಳೇ ಫೋಟೋಗಳಿಗೆ ಇದೇ ಲೆಕ್ಕ ಹಿಂದಕ್ಕೆ ಹಾಕಿ ನೋಡಿ.

ಈಗ ಬಾವಿಕಟ್ಟೆಗೆ ಬರುತ್ತೇನೆ. ಹೆದ್ದಾರಿ ಅಗಲ ಮಾಡುವಾಗ ಆ ಬಾವಿ ಹೋಯಿತು, ಮನೆಯ ಅಂಗಳದ ಅರ್ಧವೂ ಹೋಯಿತು. ಇಲ್ಲದ ಜಾಗಕ್ಕೆ ಮ್ಯಾಪಿನಲ್ಲಿ ಗುರುತು ಹಾಕುವುದು ಹೇಗೆ? ಉಪಗ್ರಹದ ಚಿತ್ರ ತೆರೆದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಉಳಿದಿರುವ ಹಲಸಿನ ಮರ ಸಿಕ್ಕಿತು. ಅಲ್ಲಿಂದ ಪಡುವಣಕ್ಕೆ ಕೊಡಪಾನ ಹೊತ್ತು ಎಷ್ಟು ಹೆಜ್ಜೆ ಅಂತ ಅಮ್ಮನಿಗೆ ಇವತ್ತಿಗೂ ನೆನಪಿದೆ. ಅಲ್ಲಿ ಬೆರಳು ಒತ್ತಿ ಹಿಡಿದೆ, ಅಂಕೆ ಬಂತು. ಈಗ ಆ ಫೋಟೋ ಮ್ಯಾಪಿನಲ್ಲಿ ಸರ್ವಿಸ್ ರೋಡಿನ ಮಧ್ಯದಲ್ಲಿ ಕಾಣುತ್ತದೆ. ಅದು ಸರಿಯಾದ ಜಾಗವೇ. ಗೂಗಲ್ ಅರ್ತ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರಗಳೂ ಸಿಗುತ್ತವೆ, ರಸ್ತೆಗೆ ಹೋದ ಮನೆಗಳನ್ನು ಅದರಲ್ಲಿ ಹುಡುಕಿ.

ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಬರೆಯಬೇಡಿ, ದಯವಿಟ್ಟು. ಅಂಕೆಯಲ್ಲಿ ಚುಕ್ಕಿಯ ನಂತರ ಎರಡು ಸ್ಥಾನ ಇದ್ದರೆ ಸುಮಾರು ಒಂದು ಕಿಲೋಮೀಟರ್, ಮೂರಿದ್ದರೆ 110 ಮೀಟರ್, ನಾಲ್ಕಿದ್ದರೆ 11 ಮೀಟರಿನಷ್ಟು ನಿಖರ. ಊರು ಮಾತ್ರ ಗೊತ್ತಿದ್ದರೆ ಊರಿನ ಮಧ್ಯದ ಎರಡು ಸ್ಥಾನದ ಅಂಕೆ ಹಾಕಿ, "ಅಂದಾಜು" ಅಂತ ಒಂದು ಟ್ಯಾಗ್ ಸೇರಿಸಿ. ಮುಂದೆ ಯಾರಿಗಾದರೂ ಸರಿಯಾದ ಜಾಗ ಗೊತ್ತಾದರೆ ತಿದ್ದಲು ಅನುಕೂಲ. ಹೇಳಿದವರು ಯಾರು ಅಂತಲೂ ಬರೆದಿಡಿ: "ದೊಡ್ಡಮ್ಮ ಹೇಳಿದ್ದು, 2024."

ಹೆಜ್ಜೆ 7: ಫೈಲಿನ ಒಳಗೇ ಬರೆಯಿರಿ

ಇಷ್ಟೆಲ್ಲ ಮಾಡಿದ್ದು ಆ್ಯಪಿನಲ್ಲಿ ಮಾತ್ರ ಉಳಿದರೆ, ಆ್ಯಪ್ ಬಿಟ್ಟ ದಿನ ಎಲ್ಲ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ನೀವು ಕೈಯಾರೆ ಸೇರಿಸಿದ ಜಾಗ ಗೂಗಲ್ ಹತ್ತಿರ ಇರುತ್ತದೆ, ಮೂಲ ಫೈಲಿನ ಒಳಗೆ ಬರೆಯುವುದಿಲ್ಲ. ಗೂಗಲ್‌ನ ಟೇಕ್‌ಔಟ್ ಸೇವೆಯ ಮೂಲಕ ಎಲ್ಲ ಇಳಿಸಿಕೊಂಡರೆ ಆ ಮಾಹಿತಿ ಪಕ್ಕದಲ್ಲಿ ಬೇರೆ ಜೇಸನ್ ಫೈಲಾಗಿ ಬರುತ್ತದೆ. ನೋಡಲು, ಹುಡುಕಲು ಗೂಗಲ್ ಫೋಟೋಸ್ ತುಂಬ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಮೂಲ ಕೆಲಸ ಮಾತ್ರ ಕಂಪ್ಯೂಟರಿನಲ್ಲಿ ಮಾಡಿ, ಆಮೇಲೆ ಅಲ್ಲಿಗೆ ಹಾಕಿ.

ಡಿಜಿಕ್ಯಾಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಮೆಟಾಡೇಟಾ (ಫೋಟೋದ ಜೊತೆಗಿನ ಮಾಹಿತಿ) ಭಾಗದಲ್ಲಿ ಟ್ಯಾಗ್ ಮತ್ತು ವಿವರಣೆಯನ್ನು ಫೈಲಿಗೆ ಬರೆಯುವ ಆಯ್ಕೆಗಳಿಗೆ ಟಿಕ್ ಇದೆಯಾ ನೋಡಿ. ಇದನ್ನು ಶುರುವಿನಲ್ಲೇ ಮಾಡಿ. ಟ್ಯಾಗ್‌ಗಳನ್ನು ಒಂದರೊಳಗೆ ಒಂದು ಇಡಬಹುದು: "ಜಾಗ" ಅನ್ನುವುದರ ಒಳಗೆ "ಕಟಪಾಡಿ", ಅದರ ಒಳಗೆ "ಅಜ್ಜಿ ಮನೆ ಬಾವಿಕಟ್ಟೆ".

ಕನ್ನಡದಲ್ಲೇ ಬರೆಯಿರಿ, ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳೂ ಒಂದೇ ಥರ ಓದುವ ಅಕ್ಷರ ಸಂಕೇತದಲ್ಲಿ. ಹಳೇ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ನಮ್ಮ ಒಂದು ಮದುವೆಯ ಸಿಡಿಯಲ್ಲಿ ಎಲ್ಲ ವಿವರಣೆಗಳೂ ಹಾಗೇ ಆಗಿದ್ದವು, ಒಂದೊಂದೇ ಮತ್ತೆ ಟೈಪ್ ಮಾಡಬೇಕಾಯಿತು. ಫೋನಿನ ಜಿಬೋರ್ಡಿನಲ್ಲಿ ಬರೆಯುವ ಕನ್ನಡ ಯೂನಿಕೋಡೇ, ಅದಕ್ಕೆ ಚಿಂತೆ ಇಲ್ಲ. ಕನ್ನಡ ಓದಲು ಬಾರದ ಮಕ್ಕಳು ಹೊರದೇಶದಲ್ಲಿದ್ದರೆ ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಒಮ್ಮೆ ಸೇರಿಸಿ.

ಹೆಜ್ಜೆ 8: ಇನ್ನು ಮುಂದೆ ತೆಗೆಯುವ ಫೋಟೋಗಳು

ಆಂಡ್ರಾಯ್ಡಿನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್ ತೆರೆದು ಲೊಕೇಶನ್ ಟ್ಯಾಗ್ ಆನ್ ಮಾಡಿ. ಐಫೋನಿನಲ್ಲಿ ಪ್ರೈವೆಸಿ, ಲೊಕೇಶನ್ ಸರ್ವೀಸಸ್, ಕ್ಯಾಮೆರಾ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಉಪಗ್ರಹದಿಂದ ನೇರ ಸಿಗುತ್ತದೆ. ಹಾಗಾಗಿ ಸಿಗ್ನಲ್ ಇಲ್ಲದ ಕಡೆಯೂ ಜಾಗ ದಾಖಲಾಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಹೊಸ ಜಾಗಕ್ಕೆ ಹೋದಾಗ ಅಲ್ಲಿನ ಬೋರ್ಡಿನ ಒಂದು ಫೋಟೋ ತೆಗೆಯುವುದು ನನ್ನ ಅಭ್ಯಾಸ. ಜಿಪಿಎಸ್ ತಪ್ಪಿದರೂ ಬೋರ್ಡು ಹೇಳುತ್ತದೆ.

ಹೆಜ್ಜೆ 9: ಹಂಚುವ ಮೊದಲು

ಜಾಗ ಬರೆದ ಫೋಟೋ ಕಳಿಸಿದರೆ ಜಾಗವೂ ಜೊತೆಗೆ ಹೋಗುತ್ತದೆ. ಮನೆಯವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಅವರಿಗೆ ಅದು ಬೇಕು. ಪರಿಚಯ ಇಲ್ಲದವರಿರುವ ಕಡೆ ಹಾಕುವಾಗ ತೆಗೆದುಹಾಕಿ. ಐಫೋನಿನಲ್ಲಿ ಹಂಚುವಾಗ ಮೇಲೆ ಆಪ್ಷನ್ಸ್ ಒತ್ತಿದರೆ ಲೊಕೇಶನ್ ಆಫ್ ಮಾಡಬಹುದು. ಗೂಗಲ್ ಫೋಟೋಸ್‌ನ ಹಂಚಿದ ಆಲ್ಬಮ್‌ಗಳಲ್ಲೂ ಜಾಗ ತೋರಿಸಬೇಕೋ ಬೇಡವೋ ಅನ್ನುವ ಆಯ್ಕೆ ಇದೆ. ಮಕ್ಕಳ ಶಾಲೆ, ಮುಂಬೈಗೆ ಹೋದಾಗ ಬೀಗ ಹಾಕಿರುವ ಊರಿನ ಮನೆ, ಇವುಗಳಲ್ಲಿ ಜಾಸ್ತಿ ಎಚ್ಚರ ಬೇಕು. ದೈವಸ್ಥಾನದ ಒಳಗಿನ ಫೋಟೋಗಳಿದ್ದರೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ.

ಕೆಲಸ ಮುಗಿದ ಮೇಲೆ ನಾನು ಮೂರು ಪೆನ್‌ಡ್ರೈವ್ ಮಾಡಿದೆ. ಒಂದು ಬ್ರಹ್ಮಾವರಕ್ಕೆ, ಒಂದು ದುಬೈಯ ಅಣ್ಣನಿಗೆ, ಒಂದು ಅಮ್ಮನ ಟಿವಿಗೆ. ಅಮ್ಮನ ಟಿವಿಗೆ ಟ್ಯಾಗ್ ಓದಲು ಬರುವುದಿಲ್ಲ, ಹಾಗಾಗಿ ಆ ಒಂದು ಪ್ರತಿಯಲ್ಲಿ ಮಾತ್ರ ಊರಿನ ಹೆಸರಿನ ಫೋಲ್ಡರುಗಳನ್ನು ಮಾಡಿ ಫೋಟೋಗಳನ್ನು ಕಾಪಿ ಹಾಕಿದೆ. ಕಟಪಾಡಿ ಎಲ್ಲಕ್ಕಿಂತ ಮೇಲಿದೆ. ಕೆಲವು ಟಿವಿಗಳಲ್ಲಿ ಕನ್ನಡದ ಫೋಲ್ಡರ್ ಹೆಸರು ಬರೀ ಚೌಕಗಳಾಗಿ ಕಾಣುತ್ತದೆ. ಕೊಡುವ ಮೊದಲು ಅವರ ಟಿವಿಗೇ ಹಾಕಿ ಒಮ್ಮೆ ನೋಡಿ.